ಆನೆ ಕಾಸಿಗೆ ಎಪ್ಪತ್ತರ ಅಂಕ

ಕಳೆದ ವಾರ ಮಾತು ಕೊಟ್ಟಂತೆ 1939ರ ರೂಪಾಯಿಯ ಬಗ್ಗೆ ಬರೆಯಬೇಕಿತ್ತು. ಹೆಚ್ಚು ಹೇಳುವುದಿಲ್ಲ. 1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು, 39ರದ್ದು ಸಿಗುವುದೇ ಅಪರೂಪ. ಕೊಳ್ಳುವ ಮುನ್ನ ಕೊನೆಯ 9ರ ಮೇಲೆ ಭೂತಗನ್ನಡಿ ಹಿಡಿಯಿರಿ, 8ನ್ನು ಕೆತ್ತಿ ತಿದ್ದಿರಬಹುದು. ಅಷ್ಟೇ. ನನ್ನ ತಲೆ ಈಗ ಬೇರೆಡೆ ಇದೆ.

ಗೆಳೆಯರೊಬ್ಬರು ಟಿಪ್ಪುವಿನ ಆನೆ ಪೈಸೆ ತಂದು ತೋರಿಸಿದರು. ನಾಣ್ಯದ ಸ್ಥಿತಿಗೆ ಅಂಕ ಕೊಡುವವರ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಮೇಲೊಂದು ಚೀಟಿ, ಚೀಟಿಯಲ್ಲಿ ಎಪ್ಪತ್ತಕ್ಕೆ ಭರ್ಜರಿ ಅಂಕ. ಆನೆಯೇನೋ ಲಕ್ಷಣವಾಗಿತ್ತು, ಸೊಂಡಿಲ ಮಡಿಕೆ, ಬಾಲದ ಕುಚ್ಚು ಎಲ್ಲ ಎದ್ದು ಕಾಣುತ್ತಿತ್ತು. ಆದರೆ ಬೆನ್ನ ಮೇಲಿರಬೇಕಾದ ಇಸವಿ ನಾಣ್ಯದ ಅಂಚಿನಾಚೆಗೇ ಹೋಗಿತ್ತು. ಹಿಂಬದಿಯಲ್ಲಿ ‘ಜರ್ಬ್’ (ಅಚ್ಚು ಹಾಕಿದ್ದು) ಎಂದಿದೆ, ಅಚ್ಚಾದ ಊರಿನ ಹೆಸರಿಲ್ಲ. ಇದಕ್ಕೆ ಅಂಕ ಕೊಟ್ಟವರು ಏನನ್ನು ಅಳೆದರೋ!

ಈ ಎಪ್ಪತ್ತರ ಲೆಕ್ಕವನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಹೂಡಿದ್ದು ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ. ಯಂತ್ರದಲ್ಲಿ ಒತ್ತಿದ ನಾಣ್ಯದಲ್ಲಿ ಎಷ್ಟು ಸವೆದಿದೆ ಎಂಬುದೇ ದೊಡ್ಡ ಪ್ರಶ್ನೆ. ನಮ್ಮದು ಸುತ್ತಿಗೆಯೇಟಿನ ಕಾಸು. ಅಚ್ಚು ಅಗಲ, ತಾಮ್ರದ ಬಿಲ್ಲೆ ಕಿರಿದು, ಹೊಡೆದವನ ಕೈ ವಾಲಿದರೆ ಅರ್ಧ ಬರಹ ಗಾಳಿಗೆ. ಒಂದು ದಿನವೂ ಚಲಾವಣೆಯಾಗದ ಪೈಸೆಯಲ್ಲೂ ಊರು, ಇಸವಿ ಇಲ್ಲದಿರಬಹುದು. ನಾನಾದರೆ ಹೊಳಪಿನ ಅನಾಮಧೇಯನನ್ನು ಬಿಟ್ಟು, ಸವೆದರೂ ಓದಲು ಬರುವುದನ್ನೇ ಎತ್ತಿಕೊಳ್ಳುತ್ತೇನೆ.

ಏಕೆಂದರೆ ಅಪರೂಪದ ಗುಟ್ಟಿರುವುದು ಆ ಬರಹದಲ್ಲೇ. ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಪೈಸೆ ಧಾರಾಳವಾಗಿ ಸಿಗುತ್ತದೆ. ‘ಖುರ್ಷಿದ್ ಸವಾದ್’ ಎಂದಿದ್ದರೆ ಕೂತು ನೋಡಿ: ಟಿಪ್ಪು ಧಾರವಾಡಕ್ಕಿಟ್ಟ ಹೆಸರದು. 1791ರಲ್ಲಿ ಆ ಕೋಟೆ ಕೈತಪ್ಪಿತು, ಟಂಕಸಾಲೆಯ ಆಯುಷ್ಯವೂ ಅಲ್ಲಿಗೆ ಮುಗಿಯಿತು. ಹೈದರ್, ಟಿಪ್ಪು ನಾಣ್ಯಗಳ ಬಗ್ಗೆ ಹೆಂಡರ್ಸನ್ ಬರೆದ 1921ರ ಪುಸ್ತಕ ಇಂದಿಗೂ ನನ್ನ ಕೈಗೆಟುಕುವಲ್ಲೇ ಇದೆ. ಡಬ್ಬಿಯ ಪಂಗಡದವರು ಅದನ್ನು ತೆರೆದಂತೆ ಕಾಣೆ. ಟಿಪ್ಪು ಜಾರಿಗೆ ತಂದ ಮೌಲೂದಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದೂ ಕೆಲವರಿಗೆ ಹೊಸ ಸುದ್ದಿ.

ಇನ್ನು ಹುಣಸೆಹಣ್ಣಿನ ಮಂದಿ. ದೇವರಮನೆಯ ಚೊಂಬಿಗೆ ಸಲ್ಲುವ ಉಪಚಾರ ನಾಣ್ಯಕ್ಕೆ ಬೇಡ ಸ್ವಾಮಿ! ಇನ್ನೂರು ವರ್ಷ ಕೂತು ಬಂದ ಕಂದುಬಣ್ಣ ಎರಡು ನಿಮಿಷದಲ್ಲಿ ತೊಳೆದುಹೋಗುತ್ತದೆ, ಉಳಿಯುವುದು ಬೋಳು ಗುಲಾಬಿ ತಾಮ್ರ. ಬಲ್ಲ ವ್ಯಾಪಾರಿ ಅದನ್ನು ನೋಡಿದ ಕೂಡಲೇ ಬೆಲೆ ಇಳಿಸುತ್ತಾನೆ, ಅವನನ್ನು ಬೈಯುವಂತಿಲ್ಲ.

ಡಬ್ಬಿಯ ಮೇಲೆ ನನಗೆ ಇನ್ನೊಂದು ಸಿಟ್ಟೂ ಇದೆ. ಎರಕದ ನಕಲಿಗೆ ಅಂಚಿನ ಸುತ್ತ ಸಣ್ಣ ಬೆಸುಗೆಗೆರೆ ಇರುತ್ತದೆ, ಉಗುರಾಡಿಸಿದರೆ ತಾಗುತ್ತದೆ. ತಕ್ಕಡಿಯಲ್ಲಿಟ್ಟರೆ ತೂಕವೂ ಸುಳ್ಳನ್ನು ಹಿಡಿದುಕೊಡುತ್ತದೆ. ಆ ಕಾಸನ್ನು ತೂಗಲೂ ಅಂಚು ಮುಟ್ಟಲೂ ಗೆಳೆಯರು ಬಿಡಲಿಲ್ಲ, ಡಬ್ಬಿ ಒಡೆದರೆ ಅಂಕ ಹೋಗುತ್ತದಂತೆ.