ಬಿಡಿಹಾಳೆಗಳ ಬದುಕು: ಅಜ್ಜಿಯ ಅಪ್ರಕಟಿತ ಬರಹಗಳು ಮತ್ತು ಮೊಮ್ಮಗಳ ಓದು

ಜೀವನಚರಿತ್ರೆಗೆ ವಸ್ತುವಾಗುವ ವ್ಯಕ್ತಿಗೆ ಸಾರ್ವಜನಿಕ ಸಾಧನೆಯಿರಬೇಕು, ಅದಕ್ಕೆ ದಾಖಲೆಯ ಬೆಂಬಲವಿರಬೇಕು ಎಂಬುದು ರೂಢಿಯ ನಂಬಿಕೆ. ಮೊದಲನೆಯದು ಇಲ್ಲದ, ಎರಡನೆಯದು ಅಲ್ಪಸ್ವಲ್ಪವೇ ಉಳಿದಿರುವ ಬದುಕನ್ನು ಬರೆಯುವುದು ಹೇಗೆ? ಮೈಥಿಲಿ ಶಿವರಾಮನ್ ಅವರ ಇಂಗ್ಲಿಷ್ ಕೃತಿ 'ಫ್ರಾಗ್ಮೆಂಟ್ಸ್ ಆಫ್ ಎ ಲೈಫ್: ಎ ಫ್ಯಾಮಿಲಿ ಆರ್ಕೈವ್' (2006) ಎದುರಿಸುವುದು ಈ ಪ್ರಶ್ನೆಯನ್ನು. ಲೇಖಕಿಯ ತಾಯಿಯ ತಾಯಿ ಸುಬ್ಬಲಕ್ಷ್ಮಿ (1897–1978) ಅದರ ವಸ್ತು. ತಮಿಳು ಬ್ರಾಹ್ಮಣ ಮನೆತನದ ಈಕೆಗೆ 11ನೆಯ ವಯಸ್ಸಿನಲ್ಲಿ ಮದುವೆ, 14ರಲ್ಲಿ ತಾಯ್ತನ. ಪತಿ ಬ್ರಿಟಿಷ್ ಸರ್ಕಾರದ ಉಪ್ಪಿನ ಇಲಾಖೆಯ ನೌಕರ. ಆಕೆ ಬಿಟ್ಟುಹೋದದ್ದು ದಿನಚರಿಯ ಕೆಲವು ನಮೂದುಗಳು, ಓದಿನ ಟಿಪ್ಪಣಿಗಳು, ಬಿಡಿ ಚೀಟಿಗಳು, ಇಷ್ಟೆ.

ಈ ಟಿಪ್ಪಣಿಗಳಲ್ಲಿ ಗೋಳಿನ ನಿವೇದನೆಯನ್ನು ಹುಡುಕುವವರಿಗೆ ನಿರಾಶೆಯಾಗುತ್ತದೆ. ಅಲ್ಲಿರುವುದು ಹೊರಜಗತ್ತಿನ ಬಗೆಗಿನ ಹಸಿವು: ಪ್ರಕೃತಿ, ದೂರದ ದೇಶಗಳು, ರಾಷ್ಟ್ರೀಯ ಚಳವಳಿ, ಸ್ತ್ರೀಯರ ಸ್ಥಿತಿಗತಿ. ಪರರ ಪುಸ್ತಕದಿಂದ ಎತ್ತಿಕೊಂಡ ಮಾತುಗಳನ್ನು ಸಂಶೋಧಕರು ಸಾಮಾನ್ಯವಾಗಿ ಎರಡನೆಯ ದರ್ಜೆಯ ಆಕರವೆಂದು ಬದಿಗಿಡುತ್ತಾರೆ. ಆದರೆ ಸ್ವಂತ ಮಾತನ್ನಾಡಲು ಅವಕಾಶವಿಲ್ಲದವಳು ಯಾವ ಮಾತನ್ನು ಆಯ್ದು ಬರೆದಿಟ್ಟುಕೊಂಡಳು ಎಂಬುದೇ ಆತ್ಮಕಥನದ ಒಂದು ಬಗೆ. ಮೈಥಿಲಿಯವರ ಓದಿನ ನಿಜವಾದ ಸಾಧನೆ ಈ ಆಯ್ಕೆಯನ್ನು ಗುರುತಿಸಿದ್ದರಲ್ಲಿದೆ. ಉಪ್ಪಿನ ಕಾಯಿದೆ ಜಾರಿಯಾಗುತ್ತಿದ್ದದ್ದು ಪತಿಯ ಇಲಾಖೆಯ ಮೂಲಕ. 1930ರಲ್ಲಿ ದೇಶ ಮುರಿದದ್ದು ಅದೇ ಕಾಯಿದೆಯನ್ನು. ಚಳವಳಿಯತ್ತ ಮನಸ್ಸಿದ್ದೂ ಅದರಲ್ಲಿ ಪೂರ್ಣವಾಗಿ ತೊಡಗಲಾಗದ ಹೆಣ್ಣಿನ ಇಕ್ಕಟ್ಟಿಗೆ ಇದಕ್ಕಿಂತ ಕಠೋರವಾದ ಸನ್ನಿವೇಶವನ್ನು ಕಾದಂಬರಿಕಾರನೂ ಕಲ್ಪಿಸಲಾರ. ಮಗಳ ವಿದ್ಯಾಭ್ಯಾಸಕ್ಕಾಗಿ ಆಕೆ ಮದರಾಸಿನಲ್ಲಿ ನೆಲೆಸಿದ್ದನ್ನೂ ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು.

ಆದರೆ ಮೊಮ್ಮಗಳು ನಿರ್ಲಿಪ್ತ ಸಂಪಾದಕಿಯಲ್ಲ. 1968ರ ಕೀಳ್ವೆಣ್ಮಣಿ ಹತ್ಯಾಕಾಂಡದ ಸತ್ಯವನ್ನು ದಾಖಲಿಸಿದ, ಎಡಪಂಥೀಯ ಕಾರ್ಮಿಕ ಹಾಗೂ ಮಹಿಳಾ ಸಂಘಟನೆಗಳಲ್ಲಿ ದುಡಿದ ಮೈಥಿಲಿ (1939–2021) ಅಜ್ಜಿಯ ಚೀಟಿಗಳಲ್ಲಿ ತಮ್ಮ ರಾಜಕೀಯದ ಪೂರ್ವಜೆಯನ್ನು ಕಾಣುವ ಅಪಾಯ ಸದಾ ಇದೆ. ನಮೂದಿಲ್ಲದ ವರ್ಷಗಳನ್ನೆಲ್ಲ ಪ್ರತಿರೋಧದ ಮೌನವೆಂದು ಓದಲಾಗದು. ದಣಿವು, ಕಾಯಿಲೆ, ಬೇಸರಗಳಿಗೂ ಮೌನವಿದೆ. ಕೃತಿಯನ್ನು ಕಾಪಾಡುವುದು ಶೀರ್ಷಿಕೆಯಲ್ಲಿಯೇ ಒಪ್ಪಿಕೊಂಡ ಮಿತಿ. ತುಣುಕುಗಳು ತುಣುಕುಗಳಾಗಿಯೇ ಉಳಿಯುತ್ತವೆ. ಉಮಾ ಚಕ್ರವರ್ತಿಯವರು ಇದೇ ಬದುಕನ್ನು ಕುರಿತು 2010ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರಕ್ಕೆ 'ಎ ಕ್ವಯಟ್ ಲಿಟ್ಲ್ ಎಂಟ್ರಿ' ಎಂದು ಹೆಸರಿಟ್ಟದ್ದೂ ಇದೇ ವಿನಯದಿಂದ.

ಕನ್ನಡದ ನಂಜನಗೂಡು ತಿರುಮಲಾಂಬಾ (1887–1982) ಅವರನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಬಾಲ್ಯವಿವಾಹ ಇಬ್ಬರಿಗೂ ಸಮಾನ. ಆದರೆ ಎಳೆಯ ವಯಸ್ಸಿಗೇ ವಿಧವೆಯಾದ ತಿರುಮಲಾಂಬಾ 'ಸತೀಹಿತೈಷಿಣಿ' ಗ್ರಂಥಮಾಲೆ ಕಟ್ಟಿ, ಕಾದಂಬರಿ ಬರೆದು, ಪತ್ರಿಕೆ ನಡೆಸಿದರು. ಮುತ್ತೈದೆಯಾಗಿದ್ದ ಸುಬ್ಬಲಕ್ಷ್ಮಿಯ ಬರಹ ಮನೆಯೊಳಗೇ ಉಳಿಯಿತು. ವೈಧವ್ಯವೇ ವಿಮುಕ್ತಿ ಎಂದು ಇದರಿಂದ ತೀರ್ಮಾನಿಸುವುದು ಅವಸರದ ಮಾತಾದೀತು. ತಂದೆಯ ಬೆಂಬಲ ತಿರುಮಲಾಂಬಾ ಅವರಿಗಿತ್ತು. ಆದರೂ ಸಂಸಾರ ಎಂಬ ವ್ಯವಸ್ಥೆ ಹೆಣ್ಣಿನ ಬರಹದೊಡನೆ ನಡೆಸುವ ವ್ಯವಹಾರವನ್ನು ಈ ಹೋಲಿಕೆ ನಿಷ್ಠುರವಾಗಿ ತೋರಿಸುತ್ತದೆ.

ಹಸ್ತಪ್ರತಿಶಾಸ್ತ್ರಕ್ಕೂ ಇಲ್ಲಿ ಒಂದು ಪ್ರಶ್ನೆಯಿದೆ. ತಾಳೆಗರಿ, ಕಡತ, ಬಖೈರುಗಳನ್ನು ಅಕ್ಕರೆಯಿಂದ ಸಂಗ್ರಹಿಸಿದ ಕನ್ನಡ ಸಂಶೋಧನೆ, ಮನೆಯ ಹೆಂಗಸರ ಹಾಡಿನ ಪುಸ್ತಕ, ಲೆಕ್ಕದ ಚೀಟಿ, ಕಾಗದಗಳನ್ನು ಅಷ್ಟೇ ಗಂಭೀರವಾಗಿ ಪರಿಗಣಿಸಿದೆಯೆ? ಕರ್ತೃವಿನ ಹೆಸರು, ಕೃತಿಯ ಹೆಸರು, ಕಾಲ ಎಂಬ ಸೂಚಿಯ ಅಂಕಣಗಳಲ್ಲಿ ಇಂಥ ಬರಹ ಎಲ್ಲಿಯೂ ಕೂರುವುದಿಲ್ಲ. ವಂಶವೃಕ್ಷದಲ್ಲಿ ತಾಯಿಯ ತಾಯಿಗೆ ಕೊಂಬೆಯಿಲ್ಲದಂತೆ ಗ್ರಂಥಸೂಚಿಯಲ್ಲಿ ಆಕೆಯ ಚೀಟಿಗೂ ಸ್ಥಾನವಿಲ್ಲ. ಸುಬ್ಬಲಕ್ಷ್ಮಿಯ ಹಾಳೆಗಳು ಉಳಿದದ್ದು ಯಾವ ಗ್ರಂಥಾಲಯದ ಕಪಾಟಿನಲ್ಲೂ ಅಲ್ಲ, ಮನೆಯವರ ಕೈಯಲ್ಲಿ.