ಡಿಮ್ಮರಿನ ರೋಗನಿದಾನ

ದೀಪದ ಕಾಂತಿಯನ್ನು ಏರಿಸಿ ಇಳಿಸುವ ಡಿಮ್ಮರನ್ನು ಮಿತವ್ಯಯದ ಸಾಧನವೆಂದು ಬಗೆದು ಗೋಡೆಗೆ ಹಾಕಿಸಿಕೊಳ್ಳುವವರುಂಟು; ಅವರ ಲೆಕ್ಕಾಚಾರವನ್ನು ನಾನು ಅಲ್ಲಗಳೆಯುವುದಿಲ್ಲವಾದರೂ, ರಸಿಕನಾದವನು ಅದನ್ನು ಬಯಸುವ ಕಾರಣ ಬೇರೆಯೇ ಆಗಿದೆ. ಓದುವ ಮೇಜಿಗೆ ಸಲ್ಲುವ ಬೆಳಕು ಊಟದ ಮನೆಗೆ ಸಲ್ಲದು. ಒರಗಿ ಕುಳಿತು ಸಂಗೀತ ಕೇಳುವವನಿಗೆ ಹಿತವಾದದ್ದು ಸೂಜಿಗೆ ದಾರ ಪೋಣಿಸುವವಳಿಗೆ ಕತ್ತಲೆಗೆ ಸಮಾನ. ಒಂದೇ ದೀಪದಿಂದ ಈ ನಾನಾ ಪ್ರಯೋಜನಗಳನ್ನು ಪಡೆಯುವ ಉಪಾಯವಾದ್ದರಿಂದಲೇ, ಡಿಮ್ಮರು ಕೆಟ್ಟೊಡನೆ ಅದನ್ನು ಕಿತ್ತು ಸಾದಾ ಸ್ವಿಚ್ಚೊಂದನ್ನು ಕೂರಿಸಿಬಿಡೋಣವೆನ್ನುವ ವೈರ್‌ಮನ್ನನ ಸಲಹೆಗೆ ನನ್ನ ಸಮ್ಮತಿಯಿಲ್ಲ. ಆದರೆ ಕೆಟ್ಟಿರುವುದು ಡಿಮ್ಮರೇ ಹೌದೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಏಕೆಂದರೆ ಈಚೆಗೆ ಗೋಡೆಯಿಂದ ಉಚ್ಚಾಟಿತವಾಗುತ್ತಿರುವ ಡಿಮ್ಮರುಗಳಲ್ಲಿ ನಿರಪರಾಧಿಗಳು ಅನೇಕ.

ಹಿಂದಿನ ಕಾಲದ ನಾಟಕಶಾಲೆಗಳಲ್ಲಿ ಉಪ್ಪುನೀರಿನ ಪಾತ್ರೆಯೊಳಗೆ ಲೋಹದ ಫಲಕವನ್ನು ಎತ್ತಿ ಇಳಿಸಿ ರಂಗದ ಬೆಳಕನ್ನು ನಿಯಂತ್ರಿಸುತ್ತಿದ್ದರು. ಆಮೇಲೆ ಬಂದದ್ದು ತಂತಿಸುರುಳಿಯ ರೋಧಕ. ಇವೆರಡರಲ್ಲಿಯೂ ತಡೆಹಿಡಿದ ಶಕ್ತಿ ಉಷ್ಣವಾಗಿ ವ್ಯರ್ಥವಾಗುತ್ತಿತ್ತು. ನಮ್ಮ ಮನೆಗಳ ಹಳೆಯ ಫ್ಯಾನ್ ರೆಗ್ಯುಲೇಟರಿನ ದಪ್ಪ ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿರುತ್ತಿದ್ದದ್ದೂ ಈ ಕಾರಣದಿಂದಲೇ. 1959ರಲ್ಲಿ ನ್ಯೂಯಾರ್ಕಿನಲ್ಲಿ ಜೋಯೆಲ್ ಸ್ಪೈರಾ ಎಂಬಾತ ಅರೆವಾಹಕವನ್ನು ಬಳಸಿ ಗೋಡೆಯ ಸ್ವಿಚ್ಚಿನ ಜಾಗದಲ್ಲಿಯೇ ಅಡಗುವಷ್ಟು ಚಿಕ್ಕ ಡಿಮ್ಮರನ್ನು ರೂಪಿಸಿ, 1961ರಲ್ಲಿ ಲುಟ್ರಾನ್ ಸಂಸ್ಥೆಯನ್ನು ಸ್ಥಾಪಿಸಿದನು. ಇಂದಿನ ಸಾಮಾನ್ಯ ಡಿಮ್ಮರಿನ ಹೃದಯ ಟ್ರಯಾಕ್ ಎಂಬ ಪುಟ್ಟ ವಸ್ತು. ನಮ್ಮ 50 ಹರ್ಟ್ಸ್ ವಿದ್ಯುತ್ತು ಸೆಕೆಂಡಿಗೆ 100 ಬಾರಿ ಶೂನ್ಯವನ್ನು ಮುಟ್ಟುತ್ತದೆ. ಹಾಗೆ ಮುಟ್ಟಿದಾಗಲೆಲ್ಲ ಟ್ರಯಾಕ್ ತಾನಾಗಿ ಮುಚ್ಚಿಕೊಂಡು, ನಾವು ತಿರುಗಿಸಿಟ್ಟ ಗುಂಡಿಯ ಅನುಜ್ಞೆಗೆ ಕಾದು, ಅನಂತರ ಪ್ರವಾಹಕ್ಕೆ ದಾರಿ ಬಿಡುತ್ತದೆ. ಕಾಯುವಿಕೆ ದೀರ್ಘವಾದಷ್ಟೂ ದೀಪ ಮಂದ.

ಹೀಗೆ ತೆರೆದ ಬಾಗಿಲು ತೆರೆದೇ ಇರಬೇಕಾದರೆ ಟ್ರಯಾಕಿನ ಮೂಲಕ ಒಂದು ಕನಿಷ್ಠ ಪ್ರವಾಹ ಹರಿಯುತ್ತಿರಬೇಕು. ಹಿಂದಿನ 60 ವ್ಯಾಟಿನ ತಂತುದೀಪ ಅಷ್ಟನ್ನು ಅನಾಯಾಸವಾಗಿ ಎಳೆದುಕೊಳ್ಳುತ್ತಿತ್ತು. ಅದರ ಜಾಗಕ್ಕೆ ಬಂದ 9 ವ್ಯಾಟಿನ ಎಲ್‌ಇಡಿಗೆ ಆ ಶಕ್ತಿಯಿಲ್ಲ. ಆದ್ದರಿಂದಲೇ ಮಿಣುಕು, ಗುಂಯ್‌ಗುಟ್ಟುವಿಕೆ, ಗುಂಡಿಯನ್ನು ತಗ್ಗಿಸುತ್ತಿರುವಾಗ ನಡುವೆಯೇ ಫಕ್ಕನೆ ಆರಿಹೋಗುವುದು, ಇವೆಲ್ಲ. ದೂರು ಮಾತ್ರ ಡಿಮ್ಮರಿನ ತಲೆಗೆ. ಪರೀಕ್ಷೆ ಸುಲಭವಾದದ್ದು: ಹಳೆಯ ತಂತುದೀಪವೊಂದನ್ನು ಹುಡುಕಿ ಹಾಕಿ ನೋಡಿರಿ. ಅದು ಸುಗಮವಾಗಿ ಏರಿ ಇಳಿದರೆ ಡಿಮ್ಮರು ನೆಟ್ಟಗಿದೆ, ಜೋಡಿ ಹೊಂದಿಲ್ಲ ಎಂದರ್ಥ. ಗುಂಡಿ ಎಲ್ಲಿದ್ದರೂ ದೀಪ ಪೂರ್ಣಪ್ರಕಾಶದಿಂದಲೇ ಉರಿಯುತ್ತಿದ್ದರೆ ಟ್ರಯಾಕ್ ಒಳಗೇ ಬೆಸೆದುಹೋಗಿರುವ ಸಂಭವ ಹೆಚ್ಚು. ಒಂದೇ ಸ್ಥಾನದಲ್ಲಿ ಬೆಳಕು ನೆಗೆಯುತ್ತಿದ್ದರೆ ಗುಂಡಿಯ ಕೆಳಗಿನ ಪಥ ಸವೆದಿದೆ. ಸುಟ್ಟ ವಾಸನೆ ಬಂದರಂತೂ ನಿದಾನಕ್ಕೆ ನಿಲ್ಲದೆ ಮೇನ್ ತೆಗೆಯುವುದೇ ವಿವೇಕ.

ಹೊಸದನ್ನು ಕೊಳ್ಳುವಾಗ ದೀಪವನ್ನೂ ಡಿಮ್ಮರನ್ನೂ ವಧೂವರರಂತೆ ಜೊತೆಯಾಗಿಯೇ ನೋಡಬೇಕು. ಸಾಮಾನ್ಯ ಟ್ರಯಾಕ್ ಡಿಮ್ಮರು ಅಲೆಯ ತಲೆಯನ್ನು ಕತ್ತರಿಸುವುದರಿಂದ ಪ್ರವಾಹ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಅಲೆಯ ಬಾಲವನ್ನು ಕತ್ತರಿಸುವ ಇನ್ನೊಂದು ಜಾತಿಯಲ್ಲಿ ಅದು ಶೂನ್ಯದಿಂದ ಮೆಲ್ಲಗೆ ಏರುತ್ತದೆ. ಎಲ್‌ಇಡಿಗಳಿಗೆ ಸಾಧಾರಣವಾಗಿ ಒಗ್ಗುವುದು ಈ ಎರಡನೆಯದು. ಬೆಲೆ ಹೆಚ್ಚಾದರೂ ನನ್ನ ಮತ ಇದಕ್ಕೇ. ಮೊದಲನೆಯ ಜಾತಿಯ ಅಗ್ಗದ ಸರಕಿನಲ್ಲಿ, ಆ ಹಾರಾಟದ ಗದ್ದಲವನ್ನು ಅಡಗಿಸುವ ಸುರುಳಿಯನ್ನೇ ಬಿಟ್ಟಿರುತ್ತಾರಾಗಿ, 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿಯಲ್ಲಿ ಆಲಾಪನೆ ಕೇಳಹೊರಟವನಿಗೆ ತಂಬೂರಿಯ ಬದಲು ಡಿಮ್ಮರಿನ ಶ್ರುತಿಯೇ ಲಭಿಸೀತು! ದೀಪದ ಪೊಟ್ಟಣದ ಮೇಲೆ ‘ಡಿಮ್ಮಬಲ್’ ಎಂದು ಅಚ್ಚಾಗಿರುವುದು ಅವಶ್ಯ. ಇನ್ನೊಂದು ಸೂಕ್ಷ್ಮವುಂಟು: ತಂತುದೀಪ ಕುಗ್ಗುತ್ತ ಕೆಂಪೇರುತ್ತಿತ್ತು, ಸಾಮಾನ್ಯ ಎಲ್‌ಇಡಿಯಾದರೋ ವರ್ಣವನ್ನು ಬದಲಿಸದೆ ಬರಿದೇ ಕ್ಷೀಣಿಸುತ್ತದೆ. 6500 ಕೆಲ್ವಿನ್ನಿನ ಬಿಳಿಯ ದೀಪವನ್ನು ತಗ್ಗಿಸಿದಾಗ ಕೋಣೆ ಬೂದಿ ಬಳಿದಂತೆ ತೋರುವುದು ಆದಕಾರಣವೇ, 2700ರದನ್ನು ಆರಿಸಿಕೊಳ್ಳಿರಿ.

ಬದಲಾಯಿಸುವ ಕೆಲಸ ಚಿಕ್ಕದು, ಎಚ್ಚರಿಕೆ ದೊಡ್ಡದು. ಎಂಸಿಬಿಯನ್ನು ಇಳಿಸಿದ ಮಾತ್ರಕ್ಕೆ ಬೋರ್ಡು ನಿರ್ಜೀವವಾಯಿತೆಂದು ಭಾವಿಸತಕ್ಕದ್ದಲ್ಲ. ಯುಪಿಎಸ್ ಇರುವ ಮನೆಯಲ್ಲಿ ದೀಪದ ತಂತಿಗೆ ಬ್ಯಾಟರಿಯ ಕಡೆಯಿಂದಲೂ 230 ವೋಲ್ಟ್ ಬರುತ್ತಿರುತ್ತದೆಯಾದ್ದರಿಂದ ಅದನ್ನೂ ಆರಿಸಿ, ಟೆಸ್ಟರನ್ನು ವಿದ್ಯುತ್ತಿರುವ ಕಡೆಯೊಂದರಲ್ಲಿ ಮೊದಲು ಪರೀಕ್ಷಿಸಿ, ಅನಂತರವೇ ತಿರುಪುಗಳಿಗೆ ಕೈಹಾಕಬೇಕು. ಎರಡು ತಂತಿಯ ಡಿಮ್ಮರು ಫೇಸಿನ ದಾರಿಯಲ್ಲಿ ಕೂರತಕ್ಕದ್ದು, ನ್ಯೂಟ್ರಲ್ಲಿಗೆ ಅಲ್ಲಿ ಸ್ಥಾನವಿಲ್ಲ. ಬೋರ್ಡಿನೊಳಗೆ ತಂತಿಗಳ ಗೋಜಲನ್ನು ಕಂಡು ಸಂಶಯ ಬಂದರೆ ವೈರ್‌ಮನ್ನನನ್ನು ಕರೆಯುವುದರಲ್ಲಿ ಅವಮಾನವೇನೂ ಇಲ್ಲ.

ಅಂಗಡಿಯಾತ ‘ಡಿಮ್ಮರು ಮುಗಿದಿದೆ, ಇದೂ ಅದೇ’ ಎಂದು ಕಟಕಟನೆ ತಿರುಗುವ ಫ್ಯಾನ್ ರೆಗ್ಯುಲೇಟರನ್ನು ಮುಂದಿಟ್ಟರೆ ಸ್ವೀಕರಿಸಬೇಡಿರಿ. ಕೆಪಾಸಿಟರುಗಳಿಂದ ವೇಗ ತಗ್ಗಿಸುವ ಆ ಯಂತ್ರ ಫ್ಯಾನಿಗಾಗಿ ಹುಟ್ಟಿದ್ದು, ದೀಪಕ್ಕೆ ಸಲ್ಲದು.