ಜಟಾಯುವೂ ಸಂಪಾತಿಯೂ: ರಣಹದ್ದಿನ ಗಣನೆ ಮತ್ತು ರಕ್ಷಣೆಯನ್ನು ಕುರಿತು ಒಂದು ವಿಮರ್ಶೆ

ರಾಮಾಯಣದ ಗೃಧ್ರ ಸಹೋದರರಿಬ್ಬರಲ್ಲಿ ಜಟಾಯುವನ್ನು ಅರಿಯದವರು ನಮ್ಮಲ್ಲಿ ಇಲ್ಲವೆನ್ನಬಹುದು. ಅವನ ಅಣ್ಣ ಸಂಪಾತಿಯ ಹೆಸರನ್ನು ನೆನಪಿನಿಂದ ಹೇಳುವವರು ವಿರಳ. ಈ ಮರೆವು ಕೇವಲ ಕಾವ್ಯಕ್ಕೆ ಸಂಬಂಧಿಸಿದ್ದಾಗಿದ್ದರೆ ಅದನ್ನು ಇಲ್ಲಿ ಎತ್ತುವ ಅಗತ್ಯವಿರಲಿಲ್ಲ. ಕಳೆದ ಮೂರು ದಶಕಗಳಲ್ಲಿ ಭಾರತದ ಆಕಾಶದಿಂದ ರಣಹದ್ದು ಬಹುಮಟ್ಟಿಗೆ ಕಣ್ಮರೆಯಾಗಿದೆ; ಅದನ್ನು ಉಳಿಸಹೊರಟವರು ತಮ್ಮ ಕಾರ್ಯಕ್ಕೆ ಜಟಾಯುವಿನ ಹೆಸರನ್ನೇ ಆಯ್ದುಕೊಂಡಿದ್ದಾರೆ. ಹರಿಯಾಣದ ಪಿಂಜೋರಿನ ಸಂತಾನಾಭಿವೃದ್ಧಿ ಕೇಂದ್ರಕ್ಕೆ ಅವನ ಹೆಸರಿದೆ. ನಮ್ಮ ಪತ್ರಿಕೆಗಳು ರಣಹದ್ದಿನ ವಿಷಯ ಬರೆಯುವಾಗಲೆಲ್ಲ ಆ ಹೆಸರನ್ನು ಸ್ಮರಿಸದೆ ಬಿಡುವುದಿಲ್ಲ. ಈ ಆಯ್ಕೆ ಸಹಜವಾದುದೇ. ಆದರೆ ಅದು ನಿಜವಾದ ಕಾರಣವನ್ನು ಮರೆಮಾಡುತ್ತದೆ ಎಂಬುದು ಪ್ರಕೃತ ಲೇಖಕನ ಅಭಿಪ್ರಾಯ.

ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಜಟಾಯು ಮಡಿಯುವುದು ಯೋಧನಂತೆ. ಶತ್ರು ಕಣ್ಣೆದುರಿಗಿದ್ದಾನೆ, ಅಧರ್ಮ ಸ್ಪಷ್ಟವಾಗಿದೆ, ರೆಕ್ಕೆಗಳನ್ನು ಕತ್ತರಿಸಿದ ಖಡ್ಗ ಯಾರದೆಂಬುದರಲ್ಲಿ ಸಂದೇಹವಿಲ್ಲ. ಕೊನೆಗೆ ಸ್ವತಃ ರಾಮನೇ ಅವನಿಗೆ ಅಗ್ನಿಸಂಸ್ಕಾರ ಮಾಡುತ್ತಾನೆ. ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ರಕ್ತಸಿಕ್ತನಾಗಿ ಬಿದ್ದ ಆ ಹಕ್ಕಿಯನ್ನು ಕಂಡೊಡನೆ ರಾಮನು, ಇವನು ಹದ್ದಿನ ರೂಪ ತಾಳಿದ ರಾಕ್ಷಸ, ಸೀತೆಯನ್ನು ತಿಂದವನು ಇವನೇ ಎಂದು ಶಂಕಿಸಿ ಬಿಲ್ಲಿಗೆ ಬಾಣ ಹೂಡುತ್ತಾನೆ. ಹದ್ದಿನ ಆಹಾರವನ್ನು ಕುರಿತ ಹೇಸಿಗೆ ಮರ್ಯಾದಾಪುರುಷೋತ್ತಮನನ್ನೂ ಕ್ಷಣಕಾಲ ದಾರಿತಪ್ಪಿಸಿತು. ಆಮೇಲೆ ಬಂದ ಭಕ್ತಿಪರಂಪರೆ ಆ ಶಂಕೆಯನ್ನು ಬದಿಗೆ ಸರಿಸಿ, ತ್ಯಾಗವನ್ನಷ್ಟೇ ಎತ್ತಿಹಿಡಿಯಿತು. ಹೀಗೆ ಶುದ್ಧಿಗೊಂಡ ಜಟಾಯು ಪೂಜೆಗೆ ಅರ್ಹನಾದ. ಸತ್ತ ದನವನ್ನು ತಿನ್ನುವ ಹಕ್ಕಿ ಅವನ ಹಿಂದೆ ಅಡಗಿಹೋಯಿತು.

ಕಿಷ್ಕಿಂಧಾಕಾಂಡದ ಸಂಪಾತಿಯ ಸಂಗತಿಯೇ ಬೇರೆ. ಸೀತೆಯ ಸುಳಿವು ದೊರೆಯದೆ ಹತಾಶರಾದ ವಾನರರು ಪ್ರಾಯೋಪವೇಶಕ್ಕೆ ಕುಳಿತಾಗ, ಬೆಟ್ಟದ ಗುಹೆಯಿಂದ ಹೊರಬಂದ ಈ ಮುದಿಹದ್ದು ಮೊದಲು ಪಡುವುದು ಸಂತೋಷವನ್ನು. ಬಹುಕಾಲದ ಮೇಲೆ ಆಹಾರ ತಾನಾಗಿಯೇ ಬಂದಿದೆ, ಇವರು ಒಬ್ಬೊಬ್ಬರಾಗಿ ಸತ್ತಂತೆಲ್ಲ ತಿನ್ನಬಹುದು ಎಂದು! ಕವಿ ಇದನ್ನು ಮುಚ್ಚಿಡುವುದಿಲ್ಲ, ಖಂಡಿಸುವುದೂ ಇಲ್ಲ. ಆಮೇಲೆ ತಮ್ಮನ ಹೆಸರು ಕಿವಿಗೆ ಬಿದ್ದು, ಮಾತು ಬೆಳೆದು, ಸಮುದ್ರದಾಚೆಯ ಲಂಕೆಯಲ್ಲಿ ಸೀತೆ ಇರುವುದನ್ನು ಅವನು ಇದ್ದಲ್ಲಿಂದಲೇ ಕಂಡು ಹೇಳುತ್ತಾನೆ. ಅಷ್ಟು ದೂರದ ದೃಷ್ಟಿ ಹೇಗೆ ಬಂತು ಎಂಬುದಕ್ಕೆ ಅವನು ಕೊಡುವ ವಿವರಣೆ ವಿಸ್ಮಯಕರವಾದುದು. ಪಕ್ಷಿಗಳ ಹಾರಾಟದ ಪಥಗಳನ್ನು ಅವನು ಅಂತಸ್ತುಗಳಾಗಿ ಎಣಿಸುತ್ತಾನೆ: ಕಾಳು ತಿನ್ನುವ ಹಕ್ಕಿಗಳದು ಕೆಳಗಿನ ಪಥ, ಕಾಗೆಗಳದು ಅದರ ಮೇಲೆ, ಗಿಡುಗಗಳದು ಇನ್ನೂ ಮೇಲೆ, ಅದಕ್ಕೂ ಮೇಲೆ ಗೃಧ್ರಗಳದು. ಕಾಲಬುಡದಲ್ಲಿ ಕೆದಕಿ ತಿನ್ನುವ ಕೋಳಿಗೆ ಕಾಲಬುಡದ ದೃಷ್ಟಿ. ದೂರದ ಆಹಾರವನ್ನು ಅರಸಿ ಬದುಕುವ ತಮಗೆ ದೂರದ ದೃಷ್ಟಿ. ಎಂದರೆ, ಹೆಣ ತಿನ್ನುವ ವೃತ್ತಿಯೂ ಸೀತೆಯನ್ನು ಕಾಣುವ ಕಣ್ಣೂ ಒಂದೇ ಸ್ವಭಾವದ ಎರಡು ಮುಖಗಳು. ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಹದ್ದಿನ ಜೀವನಕ್ರಮವನ್ನು ಇಷ್ಟು ಯಥಾರ್ಥವಾಗಿ ಗ್ರಹಿಸಿದ ಇನ್ನೊಂದು ಭಾಗ ನನ್ನ ಗಮನಕ್ಕೆ ಬಂದಿಲ್ಲ.

ಈಗ ರಣಹದ್ದಿನ ಸಾವಿನ ವೃತ್ತಾಂತಕ್ಕೆ ಬರೋಣ. ಅದರಲ್ಲಿ ರಾವಣನಿಲ್ಲ. ದನಗಳ ನೋವು ಮತ್ತು ಊತಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವೇ ಕಾರಣವೆಂಬುದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ 2004ರಲ್ಲಿ ಸಿದ್ಧವಾಯಿತು. ಔಷಧ ಕೊಟ್ಟ ಕೆಲವೇ ದಿನಗಳಲ್ಲಿ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಒಳಗಿನ ಅಂಗಾಂಗಗಳ ಮೇಲೆ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ನರಳುವ ಹಸುವಿಗೆ ದಯೆಯಿಂದ ಚುಚ್ಚಿಸಿದ ಮದ್ದು ಅದು. ಕೊಟ್ಟವನಿಗೆ ತಾನು ಯಾವ ಹಕ್ಕಿಯನ್ನೂ ಕೊಂದೆನೆಂಬ ಅರಿವಿಲ್ಲ. ಈ ಸಾವಿಗೆ ಜಟಾಯುವಿನ ಕಥೆಯನ್ನು ಹೊಂದಿಸಿದರೆ, ಇಲ್ಲದ ಖಡ್ಗವನ್ನು ಹುಡುಕುತ್ತ ಇರುವ ವಿಷವನ್ನು ಕಾಣದೆ ಹೋಗುವ ಅಪಾಯವುಂಟು.

ಇಷ್ಟಾದರೂ ತಿಳಿದುದು ಹೇಗೆ? ಎಣಿಕೆಯಿಂದ. ರಾಜಸ್ಥಾನದ ಭರತಪುರದಲ್ಲಿ ಹದ್ದುಗಳು ಗೂಡುಗಳಲ್ಲೇ ಕುತ್ತಿಗೆ ಜೋಲಿಸಿ ಸಾಯುತ್ತಿದ್ದುದನ್ನು 1990ರ ದಶಕದಲ್ಲಿ ವಿಭು ಪ್ರಕಾಶ್ ಅವರು ಗುರುತಿಸಿದರು. ಬೇಟೆಹಕ್ಕಿಗಳೆಲ್ಲವನ್ನೂ ಲೆಕ್ಕಿಸಲೆಂದು 1991-93ರಲ್ಲಿ ದೇಶದ ಹಲವು ಭಾಗಗಳಲ್ಲಿ ರಸ್ತೆಯುದ್ದಕ್ಕೂ ನಡೆಸಿದ್ದ ಸಮೀಕ್ಷೆಯೊಂದಿತ್ತು. ರಣಹದ್ದು ಆಗ ಯಾರ ಚಿಂತೆಯೂ ಆಗಿರಲಿಲ್ಲ. ಆದುದರಿಂದ ಆ ಅಂಕಿಗಳು ಉಳಿದದ್ದು ಅದೃಷ್ಟವೆನ್ನದೆ ವಿಧಿಯಿಲ್ಲ. ಅದೇ ರಸ್ತೆಗಳಲ್ಲಿ 2000ದಿಂದ ಮತ್ತೆ ಮತ್ತೆ ಎಣಿಸಿದಾಗ, 2007ರ ವೇಳೆಗೆ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿದಿತ್ತು. ಉದ್ದಕೊಕ್ಕಿನವುಗಳಲ್ಲಿ ನೂರಕ್ಕೆ ಸುಮಾರು 97 ಹೋಗಿದ್ದವು.

ಗ್ರಂಥಸಂಪಾದನೆಯ ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಅಂಕಿಗಳ ಬೆಲೆ ಬೇಗ ತಿಳಿದೀತು. ಒಂದು ಪಾಠಕ್ಕೆ ಪ್ರಾಮಾಣ್ಯ ಬರುವುದು ಅದು ಯಾವ ಪ್ರತಿಯಿಂದ ಬಂದಿತೆಂಬುದರಿಂದ. ಎಣಿಕೆಗೂ ಅದೇ ನ್ಯಾಯ. ಅದೇ ದಾರಿ, ಅದೇ ಕ್ರಮ ಇದ್ದುದರಿಂದಲೇ ಮೇಲಿನ ಹೋಲಿಕೆ ನಿಲ್ಲುತ್ತದೆ. ಕರ್ನಾಟಕ, ತಮಿಳುನಾಡು, ಕೇರಳಗಳು ಕೂಡಿ 2023ರ ಆರಂಭದಲ್ಲಿ ಏಕಕಾಲಕ್ಕೆ ನಡೆಸಿದ ಗಣನೆಯಲ್ಲಿ 246 ರಣಹದ್ದುಗಳೂ ಅದೇ ವರ್ಷದ ಕೊನೆಯಲ್ಲಿ 320 ರಣಹದ್ದುಗಳೂ ಕಂಡವು. ಹತ್ತು ತಿಂಗಳಲ್ಲಿ 74 ಹೆಚ್ಚಿದವೆಂದು ಹಿಗ್ಗುವುದು ಅವಿಮರ್ಶಿತ ಓದು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ, ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ಹಿಡಿಯುವ ಪಕ್ಷಿ ಹೀಗೆ ಹೆಚ್ಚಲಾರದು. ನೋಡುವ ಕಣ್ಣುಗಳು, ನೋಡಿದ ತಾಣಗಳು, ಋತು ಇವೆಲ್ಲ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಇದರಿಂದ ಆ ಗಣನೆ ನಿರರ್ಥಕವೆಂದು ಭಾವಿಸಬಾರದು. ಅದು ಮೊದಲ ಪ್ರತಿ, ಮುಂದಿನ ಪ್ರತಿಗಳು ಬಂದಂತೆ ಅದರ ಬೆಲೆ ಹೆಚ್ಚುವುದು.

ಇನ್ನೊಂದು ಎಣಿಕೆಯುಂಟು, ಅದರ ಮಾತನ್ನು ಜನ ಹೆಚ್ಚಾಗಿ ಆಡುವುದಿಲ್ಲ. ಅದು ಸತ್ತ ದನಗಳ ಎಣಿಕೆ. ಒಂದು ಕಳೇಬರಕ್ಕೆ ಹತ್ತಾರು ಹದ್ದುಗಳು ಮುತ್ತುವುದರಿಂದ, ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಮೆಯಲ್ಲಿ ವಿಷವಿದ್ದರೂ ಈ ಕುಸಿತಕ್ಕೆ ಸಾಕೆಂದು ಗಣಿತದಿಂದ ತೋರಿಸಲಾಗಿದೆ. ನಿಷೇಧಕ್ಕೆ ಮುಂಚೆ, 2004-05ರಲ್ಲಿ, ಪರೀಕ್ಷಿಸಿದ ದನಗಳ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಔಷಧ ಕಂಡದ್ದು ನೂರಕ್ಕೆ ಸುಮಾರು ಹತ್ತರಲ್ಲಿ. ಸರಕಾರ 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿತು. ಮನುಷ್ಯರ ಔಷಧದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಸೀಸೆಯ ಅಳತೆಯನ್ನು ಮೂರು ಮಿಲಿಲೀಟರಿಗೆ ಇಳಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳನ್ನೂ ಪಶುಗಳಿಗೆ ನಿಷೇಧಿಸಿತು. ಹದ್ದಿಗೆ ಹಾನಿಯಿಲ್ಲದ ಮೆಲೊಕ್ಸಿಕಾಮ್ ಇದ್ದೇ ಇದೆ. ಮೊದಲ ನಿಷೇಧಕ್ಕೂ 2023ರ ನಿಷೇಧಕ್ಕೂ ನಡುವೆ ಹದಿನೇಳು ವರ್ಷ ಸಂದಿತೆಂಬುದನ್ನು ಮಾತ್ರ ಮರೆಯಲಾಗದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಜನಮನವನ್ನು ಒಲಿಸುವುದು ಜಟಾಯುವೇ ಹೊರತು ಯಕೃತ್ತಿನ ಪರೀಕ್ಷೆಯಲ್ಲ. ಹೇಸಿಗೆಯ ಹಕ್ಕಿಗೆ ಗೌರವ ತಂದುಕೊಟ್ಟದ್ದು ಕಾವ್ಯವೇ ಎಂದು. ಮಾತು ನಿಜ. ರಾಮನಗರದ ರಾಮದೇವರ ಬೆಟ್ಟ ಇದಕ್ಕೆ ನಿದರ್ಶನ. ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಆ ಬಂಡೆಗಳನ್ನೊಳಗೊಂಡ ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ದೇಶದ ಮೊದಲ ರಣಹದ್ದು ಧಾಮವೆಂದು ಘೋಷಿಸಲಾಯಿತು. ಬಂಡೆಯನ್ನು ಒಡೆಯದಂತೆ, ಗೂಡಿನ ಬಳಿ ಗದ್ದಲವಾಗದಂತೆ ಕಾಯುವುದು ಅವಶ್ಯವೇ. ಆದರೆ ಒಂದೇ ದಿನದಲ್ಲಿ ನೂರು ಕಿಲೊಮೀಟರಿಗೂ ಮಿಕ್ಕಿ ಹಾರಬಲ್ಲ ಪಕ್ಷಿಗೆ 346 ಹೆಕ್ಟೇರ್ ಮಲಗುವ ಮನೆ ಮಾತ್ರ. ಉಣ್ಣುವ ಮನೆ ಎಲ್ಲೋ ಬೇರೆ, ಯಾವುದೋ ಊರಿನ ಹೊರಗೆ ದನ ಎಸೆಯುವ ಬಯಲಿನಲ್ಲಿ. ಧಾಮವಾದ ಮೇಲೂ ಅಲ್ಲಿ ಉಳಿದದ್ದು ಬೆರಳೆಣಿಕೆಯ ಹಕ್ಕಿಗಳು.

ನಮ್ಮ ಭಾಷೆಯೂ ಈ ಮರೆವಿಗೆ ನೆರವಾಗಿದೆ. ರಣಹದ್ದು ಎಂಬ ಹೆಸರು ಅದನ್ನು ಯುದ್ಧಭೂಮಿಗೆ ಕಟ್ಟಿಹಾಕುತ್ತದೆ. ಅದು ತಲೆತಲಾಂತರದಿಂದ ಉಂಡದ್ದಾದರೋ ಬಹುಪಾಲು ರೈತನ ಕೊಟ್ಟಿಗೆಯಿಂದ ಹೊರಬಿದ್ದುದನ್ನು. ಹೆಸರನ್ನು ಈಗ ಬದಲಿಸುವಂತಿಲ್ಲ. ಗಣನೆಯ ವರದಿಗಳನ್ನು ಓದುವಾಗ ಮಾತ್ರ, ಬೆಟ್ಟದ ಮೇಲೆ ಕಂಡ ಹಕ್ಕಿಗಳ ಸಂಖ್ಯೆಯ ಪಕ್ಕದಲ್ಲಿ ಸುತ್ತಲ ತಾಲ್ಲೂಕುಗಳ ಎಷ್ಟು ಕಳೇಬರಗಳನ್ನು ಪರೀಕ್ಷಿಸಲಾಯಿತು, ಎಷ್ಟರಲ್ಲಿ ಔಷಧ ಕಂಡಿತು ಎಂಬ ಇನ್ನೊಂದು ಸಾಲನ್ನೂ ನಾವು ಕೇಳತಕ್ಕದ್ದು.